ಬಿಂಗ್, ಲ್ಯಾಪಿನ್ಸ್, ಕಾರ್ಡಿಯಾ: ತೋಟಕ್ಕೆ ಯಾವ ಕಪ್ಪು ಸಿಹಿ ಚೆರ್ರಿ?

ಒಂದೇ ಗಿಡಕ್ಕೆ ಜಾಗವಿದ್ದರೆ ಲ್ಯಾಪಿನ್ಸ್ ನೆಡಿ. ಅದು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಉಳಿದೆರಡಕ್ಕೂ ಜೊತೆಗಿಡ ಬೇಕೇ ಬೇಕು, ಅದೂ ಹೊಂದುವಂಥದ್ದು. ಬಿಂಗ್ ಪಕ್ಕ ಲ್ಯಾಂಬರ್ಟ್ ತಳಿ ನೆಟ್ಟರೆ ಹೂವೆಲ್ಲ ಉದುರಿಹೋಗುತ್ತದೆ, ಎರಡೂ ಒಂದೇ ಪರಾಗ ಗುಂಪಿನವು, ಒಂದರ ಪರಾಗದಿಂದ ಇನ್ನೊಂದು ಕಾಯಿ ಕಟ್ಟದು. ಬಿಂಗ್‌ಗೆ ವ್ಯಾನ್, ಕಾರ್ಡಿಯಾಗೆ ರೆಜಿನಾ ಸರಿಜೋಡಿ.

ನಿಜವಾದ ಪರೀಕ್ಷೆ ಹಣ್ಣು ಮಾಗುವಾಗ ಬೀಳುವ ಮಳೆ. ತೊಟ್ಟಿನ ಕುಳಿಯಲ್ಲಿ ನಿಂತ ನೀರು ಸಿಪ್ಪೆಯೊಳಗೆ ಇಳಿದು ತಿರುಳು ಉಬ್ಬುತ್ತದೆ. ಕುಳಿಯ ಸುತ್ತ ಅರ್ಧಚಂದ್ರದಂಥ ಸೀಳು ಬಿದ್ದು, ಅಲ್ಲಿಂದಲೇ ಕೊಳೆತ ಶುರು. ಬಿಂಗ್ ಬಹುಬೇಗ ಸೀಳುತ್ತದೆ. ಲ್ಯಾಪಿನ್ಸ್ ಅಷ್ಟಿಷ್ಟು ತಡೆಯುತ್ತದೆ, ಕಾರ್ಡಿಯಾ ಇನ್ನೂ ಗಟ್ಟಿ. ಆದರೆ ಕಾರ್ಡಿಯಾದ ಹೂವು ವಸಂತದ ಹಿಮಕ್ಕೆ ಸುಲಭವಾಗಿ ಕರಟುತ್ತದೆ, ತಣ್ಣನೆ ಗಾಳಿ ನಿಲ್ಲುವ ತಗ್ಗಿಗೆ ಖಂಡಿತ ಬೇಡ. ಬೇಸಿಗೆ ಒಣಗಿರುವ ಕಡೆ ಮಾತ್ರ ಬಿಂಗ್‌ನ ರುಚಿಗಾಗಿ ಎರಡು ಗಿಡದ ಜಾಗ ಕೊಡಬಹುದು.

ಎತ್ತರ ನಿರ್ಧರಿಸುವುದು ಹೆಚ್ಚಾಗಿ ರೂಟ್‌ಸ್ಟಾಕ್, ಅಂದರೆ ತಳಿಯನ್ನು ಕಸಿ ಕಟ್ಟುವ ಬೇರುಗಿಡ. ಗಿಸೆಲಾ 5ರ ಮೇಲಿನ ಕಸಿ ಸುಮಾರು 3 ಮೀಟರ್. ಹಕ್ಕಿ ಬಲೆ ಹೊದಿಸಲು ಸಲೀಸು, ಆದರೆ ಊರುಗೋಲು, ಒಳ್ಳೆಯ ಮಣ್ಣು ಬೇಕು. ಕೋಲ್ಟ್ ರೂಟ್‌ಸ್ಟಾಕ್ ಮೇಲಿನದು ಬಡಮಣ್ಣಲ್ಲೂ ಬಾಳುತ್ತದೆ, 5 ಮೀಟರ್ ದಾಟಬಹುದು. ಯಾವುದೇ ಆಗಲಿ, ಕೊಂಬೆ ಸವರುವುದು ಕೊಯ್ಲಿನ ನಂತರ, ಒಣಹವೆಯಲ್ಲಿ. ಚಳಿಗಾಲದ ಗಾಯದಲ್ಲಿ ರೋಗ ಹೊಕ್ಕು ಅಂಟು ಸುರಿಯುತ್ತದೆ.