ಮಂಡಿಪೇಟೆಯ ಸಗಟು ಅಂಗಡಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್: ಬಳಸಿದ ಮೇಲಿನ ಅಭಿಪ್ರಾಯ

ತುಮಕೂರಿನ ಮಂಡಿಪೇಟೆಯಲ್ಲಿ ಬೇಳೆ ಮತ್ತು ದಿನಸಿಯ ಸಗಟು ಅಂಗಡಿಯೊಂದರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಮುಂದಿನ ಬಿಲ್ಲಿಂಗ್ ಕೌಂಟರಿನಲ್ಲಿ ಎರಡು, ಹಿಂದಿನ ಗೋದಾಮಿನಲ್ಲಿ ಒಂದು, ಮಹಡಿಯ ಮೇಲೆ ಎರಡು, ಹೀಗೆ ಐದು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಕೆಲಸ ಮಾಡುತ್ತವೆ. ನಮಗೆ ಕಣ್ಣಿಗೆ ಕಾಣುವುದು ಅಕೌಂಟಿಂಗ್ ಸಾಫ್ಟ್‌ವೇರ್. ಆದರೆ ಬಿಲ್ಲು, ದಾಸ್ತಾನು, ಗಿರಾಕಿಗಳ ಖಾತೆ ಎಲ್ಲವೂ ಕುಳಿತಿರುವುದು ಅದರ ಕೆಳಗಿರುವ ಡೇಟಾಬೇಸಿನಲ್ಲಿ, ಅಂದರೆ ಮೈಕ್ರೋಸಾಫ್ಟ್ ಸಂಸ್ಥೆ ಉಚಿತವಾಗಿ ಕೊಡುವ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ನಲ್ಲಿ. ನಾವು ಬಳಸುತ್ತಿರುವುದು 2019ರ ಆವೃತ್ತಿ. ಇದೇ ರೀತಿ ಹಂಚಿಕೊಂಡು ಲೆಕ್ಕ ಬರೆಯುವ ಅಂಗಡಿಗಳು ನಮ್ಮೂರಿನಲ್ಲಿ ಹೆಚ್ಚುತ್ತಿರುವುದರಿಂದ, ಅದರಲ್ಲೂ ಈ ಸೇವೆ (ಹಿನ್ನೆಲೆಯಲ್ಲಿ ಓಡುತ್ತಿರುವ ಡೇಟಾಬೇಸ್ ಪ್ರೋಗ್ರಾಂ, ವಿಂಡೋಸ್ ಭಾಷೆಯಲ್ಲಿ "ಸರ್ವೀಸ್") ನಿಂತುಹೋದಾಗ ಮತ್ತೆ ಚಾಲನೆ ಮಾಡುವುದು ಹೇಗೆಂದು ತಿಳಿಯದೆ ಹಲವರು ಒದ್ದಾಡುವುದನ್ನು ನೋಡಿರುವುದರಿಂದ, ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದು 10ನೇ ತಾರೀಖಿನ ಬೆಳಿಗ್ಗೆ ಕರೆಂಟು ಹೋಯಿತು. ಮರುದಿನ, ಅಂದರೆ 11ರೊಳಗೆ, ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ವಿವರಪಟ್ಟಿ, ಸಲ್ಲಿಸಬೇಕಿತ್ತು. ನಮ್ಮ ಯುಪಿಎಸ್ ಬ್ಯಾಟರಿ ಹಳೆಯದಾಗಿದ್ದರಿಂದ ಡೇಟಾಬೇಸ್ ಇರುವ ಸರ್ವರ್ ಕಂಪ್ಯೂಟರ್ ಕೂಡಲೇ ಆರಿತು. ಕರೆಂಟು ಬಂದ ಮೇಲೆ ಎಲ್ಲ ಕಂಪ್ಯೂಟರುಗಳೂ ಹೊತ್ತಿಕೊಂಡವು, ಆದರೆ ಯಾವುದರಲ್ಲಿಯೂ ಲೆಕ್ಕ ತೆರೆಯಲಿಲ್ಲ. ಗುಬ್ಬಿ, ಕೊರಟಗೆರೆ ಕಡೆಯ ಚಿಲ್ಲರೆ ವ್ಯಾಪಾರಿಗಳು ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು, ಕೌಂಟರಿನ ಹುಡುಗ ಐದೈದು ನಿಮಿಷಕ್ಕೊಮ್ಮೆ ಮಹಡಿ ಹತ್ತಿ ಬಂದು, "ಸಾರ್, ಕೈಯಲ್ಲೇ ಬಿಲ್ ಬರೆದುಬಿಡಲಾ?" ಎಂದು ಕೇಳುತ್ತಿದ್ದ. ಅಲ್ಲಿಯವರೆಗೆ ನಮಗೆ ಗೊತ್ತಿದ್ದ ಒಂದೇ ಉಪಾಯವೆಂದರೆ ಸರ್ವರಿನ ಪವರ್ ಗುಂಡಿಯನ್ನು ಒತ್ತಿಹಿಡಿದು ಆರಿಸಿ, ಮತ್ತೆ ಹಚ್ಚುವುದು. ಅಂದು ಎರಡು ಬಾರಿ ಹಾಗೆ ಮಾಡಿದರೂ ಫಲ ಸಿಗಲಿಲ್ಲ.

ನಿಜವಾದ ಪರಿಹಾರ ಬಹಳ ಸರಳವಾಗಿತ್ತು. ವಿಂಡೋಸ್‌ನಲ್ಲಿ ಸರ್ವೀಸಸ್ ಎಂಬ ಕಿಟಕಿಯನ್ನು ತೆರೆದು, ಪಟ್ಟಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಂಬ ಹೆಸರಿನ ಎದುರು "ರನ್ನಿಂಗ್" ಎಂದು ಇದೆಯೇ ಎಂದು ನೋಡಬೇಕು. ನಮ್ಮಲ್ಲಿ ಆ ಜಾಗ ಖಾಲಿಯಾಗಿತ್ತು. ಬಲಗುಂಡಿ ಒತ್ತಿ "ಸ್ಟಾರ್ಟ್" ಎಂದ ಮೇಲೆ, ಒಂದು ನಿಮಿಷದೊಳಗೆ ಐದೂ ಕಂಪ್ಯೂಟರುಗಳಲ್ಲಿ ಲೆಕ್ಕ ತೆರೆಯಿತು. ಅದು ತಾನಾಗಿಯೇ ಏಕೆ ಶುರುವಾಗಲಿಲ್ಲವೆಂಬ ಉತ್ತರ, ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 7009 ಮತ್ತು 7000 ಸಂಖ್ಯೆಯ ದಾಖಲೆಗಳಾಗಿ ಸಿಕ್ಕಿತು: ಕಂಪ್ಯೂಟರ್ ಹೊತ್ತಿಕೊಳ್ಳುವಾಗ ಎಲ್ಲ ಸೇವೆಗಳೂ ಒಟ್ಟಿಗೆ ಏಳಲು ನುಗ್ಗುತ್ತವೆ, ವಿಂಡೋಸ್ ಪ್ರತಿಯೊಂದಕ್ಕೂ 30 ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಉತ್ತರಿಸದ ಸೇವೆಯನ್ನು ಕೈಬಿಡುತ್ತದೆ. ನಮ್ಮ ಸರ್ವರ್ ಎನ್ನುವುದು ಹಳೆಯ ಹಾರ್ಡ್ ಡಿಸ್ಕಿನ ಸಾಮಾನ್ಯ ಕಂಪ್ಯೂಟರು. ಅದಕ್ಕೆ ಆ ಅವಧಿ ಸಾಲಲಿಲ್ಲ. ಸೇವೆಯ ಪ್ರಾಪರ್ಟೀಸ್‌ನಲ್ಲಿ "ಆಟೋಮ್ಯಾಟಿಕ್" ಎಂಬುದನ್ನು "ಆಟೋಮ್ಯಾಟಿಕ್ ಡಿಲೇಡ್ ಸ್ಟಾರ್ಟ್" ಎಂದು ಬದಲಿಸಿದೆ. ಈಗ ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ಕಾಯಬೇಕಾಗುತ್ತದೆ, ಆದರೆ ಅಂದಿನ ಪರಿಸ್ಥಿತಿ ಮರುಕಳಿಸಿಲ್ಲ. ಅಲ್ಲಿಯೇ ಇರುವ ರಿಕವರಿ ಪುಟದಲ್ಲಿ, ಸೇವೆ ನಡುವೆ ಕುಸಿದರೆ ಒಂದು ನಿಮಿಷದ ನಂತರ ತಾನೇ ಏಳುವಂತೆಯೂ ಹೇಳಿದ್ದೇನೆ. ನಾವಾಗಿಯೇ ನಿಲ್ಲಿಸಿದ ಸೇವೆಗೆ ಇದು ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಈ ಕೊನೆಯ ಮಾತಿಗೆ ಕಾರಣವಿದೆ. ಒಂದು ಸೋಮವಾರ ಸೇವೆ ನಿಂತಿರುವುದು ಕಂಡಿತು, ಆದರೆ ಕರೆಂಟು ಹೋಗಿರಲಿಲ್ಲ. ವಿಚಾರಿಸಿದಾಗ, ಶನಿವಾರ ರಾತ್ರಿ ನಮ್ಮ ಗುಮಾಸ್ತರು ಲೆಕ್ಕದ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಲು ಹೋಗಿ, ಸೇವೆ ನಡೆಯುವಾಗ ಕಡತ ನಕಲಾಗುವುದಿಲ್ಲವಾದ್ದರಿಂದ ಅದನ್ನು ನಿಲ್ಲಿಸಿ, ಮತ್ತೆ ಶುರುಮಾಡುವುದನ್ನು ಮರೆತಿದ್ದರು. ಬ್ಯಾಕಪ್ ತೆಗೆಯಲು ಸೇವೆಯನ್ನು ನಿಲ್ಲಿಸುವ ಅಗತ್ಯವೇ ಇಲ್ಲ. ಬ್ಯಾಕಪ್ ಆಜ್ಞೆ ಕೊಟ್ಟರೆ, ಐವರೂ ಬಿಲ್ಲು ಹಾಕುತ್ತಿರುವಾಗಲೇ ಪೂರ್ಣ ನಕಲು ಸಿದ್ಧವಾಗುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ವೇಳಾಪಟ್ಟಿಯಂತೆ ಕೆಲಸ ಮಾಡಿಸುವ ಎಸ್‌ಕ್ಯೂಎಲ್ ಏಜೆಂಟ್ ಇಲ್ಲ, ಇದು ದೊಡ್ಡ ಕೊರತೆಯೇ. ನಾನು ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಮೂಲಕ ರಾತ್ರಿ 9 ಗಂಟೆಗೆ ಆ ಆಜ್ಞೆ ನಡೆಯುವಂತೆ ಮಾಡಿಕೊಂಡಿದ್ದೇನೆ.

ಈ ತಂತ್ರಾಂಶದ ಮೇಲೆ ನನಗೆ ನಂಬಿಕೆ ಹುಟ್ಟಿಸಿದ ಗುಣ ಒಂದಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಾಫ್ಟ್‌ವೇರ್‌ನಲ್ಲಿ "ಸೇವ್" ಒತ್ತಿದ ಬಿಲ್ಲು ಮೊದಲು ಲಾಗ್ ಎಂಬ ಕಡತದಲ್ಲಿ ದಾಖಲಾಗುತ್ತದೆ, ಮುಖ್ಯ ಕಡತಕ್ಕೆ ಆಮೇಲೆ ಸೇರುತ್ತದೆ; ಹಳೆಯ ಅಂಗಡಿಗಳಲ್ಲಿ ಕಚ್ಚಾ ಚೋಪಡಿಯಲ್ಲಿ ಬರೆದು, ಬಿಡುವಾದಾಗ ಖಾತೆ ಪುಸ್ತಕಕ್ಕೆ ಏರಿಸುತ್ತಿದ್ದ ಹಾಗೆ. ನಡುವೆ ಕರೆಂಟು ಹೋದರೂ, ಸೇವೆ ಮರಳಿ ಏಳುವಾಗ ಲಾಗನ್ನು ಓದಿ, ಪೂರ್ಣಗೊಂಡಿದ್ದನ್ನು ಉಳಿಸಿಕೊಂಡು, ಅರ್ಧಕ್ಕೆ ನಿಂತಿದ್ದನ್ನು ಅಳಿಸುತ್ತದೆ. ಅಂದು ಬೆಳಿಗ್ಗೆ ಉಳಿಸಿದ್ದ ಎಲ್ಲ ಬಿಲ್ಲುಗಳನ್ನೂ ಗೋದಾಮಿನ ಚೀಟಿಗಳೊಂದಿಗೆ ತಾಳೆ ನೋಡಿದೆ. ಒಂದೂ ಕಾಣೆಯಾಗಿರಲಿಲ್ಲ, ಒಂದೂ ಎರಡು ಸಲ ಬಿದ್ದಿರಲಿಲ್ಲ. ಪರದೆಯ ಮೇಲೆ ಟೈಪು ಮಾಡುತ್ತಿದ್ದು ಇನ್ನೂ ಉಳಿಸದಿದ್ದ ಬಿಲ್ಲು ಮಾತ್ರ ಉಳಿಯುವುದಿಲ್ಲ, ಏಕೆಂದರೆ ಅದು ಡೇಟಾಬೇಸಿಗೆ ತಲುಪಿಯೇ ಇರುವುದಿಲ್ಲ. ಆದ್ದರಿಂದ ಸೇವೆಯನ್ನು ಮರುಚಾಲನೆ ಮಾಡುವ ಮೊದಲು ನಾನು ಕೌಂಟರಿಗೂ ಗೋದಾಮಿಗೂ ಹೇಳಿ, ಕೈಯಲ್ಲಿರುವ ಬಿಲ್ಲನ್ನು ಮುಗಿಸಿ ಎಲ್ಲರೂ ಸಾಫ್ಟ್‌ವೇರ್‌ನಿಂದ ಹೊರಬಂದ ಮೇಲೆಯೇ "ರೀಸ್ಟಾರ್ಟ್" ಒತ್ತುತ್ತೇನೆ. ಹೀಗೆ ಕ್ರಮವಾಗಿ ನಿಲ್ಲಿಸಿದಾಗ ಅದು ಬಾಕಿ ಇರುವುದನ್ನು ಮುಖ್ಯ ಕಡತಕ್ಕೆ ಬರೆದು ಮುಚ್ಚಿಕೊಳ್ಳುತ್ತದೆ, ಏಳುವುದೂ ಬೇಗ. ಪವರ್ ಗುಂಡಿಯನ್ನು ಒತ್ತಿಹಿಡಿಯುವ ನಮ್ಮ ಹಳೆಯ ಅಭ್ಯಾಸ ಈ ಅವಕಾಶವನ್ನೇ ಕಿತ್ತುಕೊಳ್ಳುತ್ತಿತ್ತು.

ಸೇವೆ "ರನ್ನಿಂಗ್" ಎಂದು ತೋರಿಸುತ್ತಿದ್ದರೂ ಬೇರೆ ಕಂಪ್ಯೂಟರುಗಳಿಗೆ ಸಿಗದಿರುವುದೂ ಉಂಟು. ಆಗ ಸರ್ವರಿನಲ್ಲಿಯೇ ಲೆಕ್ಕ ತೆರೆದು ನೋಡಬೇಕು. ಅಲ್ಲಿ ತೆರೆದರೆ ತೊಂದರೆ ಡೇಟಾಬೇಸಿನದಲ್ಲ, ದಾರಿಯದು. ಎಕ್ಸ್‌ಪ್ರೆಸ್ ಅನ್ನು ಸ್ಥಾಪಿಸಿದಾಗ ಬೇರೆ ಕಂಪ್ಯೂಟರುಗಳು ನೆಟ್‌ವರ್ಕ್ ಮೂಲಕ ಬರುವ ಟಿಸಿಪಿ/ಐಪಿ ಸಂಪರ್ಕ ಮುಚ್ಚಿರುತ್ತದೆ, ಅದನ್ನು ನಾವೇ ತೆರೆಯಬೇಕು, ತೆರೆದ ಮೇಲೆ ಸೇವೆಯನ್ನು ಮರುಚಾಲನೆ ಮಾಡಿದರಷ್ಟೇ ಜಾರಿಗೆ ಬರುತ್ತದೆ. ಹೆಸರಿಟ್ಟು ಸ್ಥಾಪಿಸಿದ ಡೇಟಾಬೇಸಿನ ಪೋರ್ಟ್ ಸಂಖ್ಯೆ (ಸಂಪರ್ಕದ ಬಾಗಿಲಿನ ನಂಬರು) ಸ್ಥಿರವಾಗಿರದೆ ಮರುಚಾಲನೆಯಾದಾಗ ಬದಲಾಗುವ ಸಾಧ್ಯತೆ ಇರುವುದರಿಂದ, ನಾನು ಅದನ್ನು 1433ಕ್ಕೆ ಕಟ್ಟಿ, ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ನಲ್ಲಿ ಅದೇ ಸಂಖ್ಯೆಯನ್ನು ತೆರೆದಿದ್ದೇನೆ. ನಮ್ಮ ಅಂಗಡಿಯಲ್ಲಿ ಇನ್ನೊಂದು ತೊಡಕೂ ಇತ್ತು: ಕರೆಂಟು ಹೋಗಿಬಂದಾಗ ರೂಟರ್ ಸರ್ವರಿಗೆ ಹೊಸ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ಕೊಡುತ್ತಿತ್ತು, ಉಳಿದ ಕಂಪ್ಯೂಟರುಗಳು ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿದ್ದವು. ಈಗ ವಿಳಾಸವೂ ಸ್ಥಿರವಾಗಿದೆ.

ಮಿತಿಗಳ ವಿಷಯಕ್ಕೆ ಬಂದರೆ, 2022ರವರೆಗಿನ ಎಕ್ಸ್‌ಪ್ರೆಸ್ ಆವೃತ್ತಿಗಳಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ. 2025ರ ಆವೃತ್ತಿಯಲ್ಲಿ ಅದು 50 ಜಿಬಿಗೆ ಏರಿದೆ. ದತ್ತಾಂಶವನ್ನು ಹಿಡಿದಿಡಲು ಬಳಸುವ ಮೆಮೊರಿಗೂ ಸುಮಾರು 1.4 ಜಿಬಿಯ ಮಿತಿ ಇದೆ, ಆದ್ದರಿಂದ ಸರ್ವರಿಗೆ ಎಷ್ಟೇ ರ‍್ಯಾಮ್ ಹಾಕಿದರೂ ವರ್ಷಾಂತ್ಯದ ದೊಡ್ಡ ವರದಿಗಳು ಅದಕ್ಕೆ ತಕ್ಕಂತೆ ವೇಗವಾಗುವುದಿಲ್ಲ. ಬೇಳೆ, ಸಕ್ಕರೆ, ಎಣ್ಣೆಯ ನಮ್ಮ ವ್ಯವಹಾರಕ್ಕೆ ಇದರಿಂದ ಅಡ್ಡಿಯಾಗಿಲ್ಲ. ತುಮಕೂರು, ತಿಪಟೂರು, ಶಿರಾ ಹೀಗೆ ಹಲವು ಕಡೆ ಶಾಖೆ ಇಟ್ಟುಕೊಂಡು ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಬಿಲ್ಲು ಹಾಕುವವರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಅವರು ಹಣ ಕೊಟ್ಟು ಸ್ಟ್ಯಾಂಡರ್ಡ್ ಆವೃತ್ತಿಯನ್ನೇ ಕೊಳ್ಳುವುದು ಸೂಕ್ತ. ಐದಾರು ಕಂಪ್ಯೂಟರುಗಳ ಅಂಗಡಿಗೆ ಎಕ್ಸ್‌ಪ್ರೆಸ್ ಸಾಕು, ಆದರೆ ಉಚಿತವಾಗಿ ಉಳಿದ ಆ ಹಣದಲ್ಲಿ ಮೊದಲು ಒಳ್ಳೆಯ ಯುಪಿಎಸ್ ಬ್ಯಾಟರಿ, ನಂತರ ಸರ್ವರಿಗೊಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ವೇಗದ ಸಂಗ್ರಹ ಸಾಧನ) ಹಾಕಿಸಿಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ.

ಸೇವೆಯನ್ನು ಶುರುಮಾಡಲು ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು. ಅದನ್ನು ಕೌಂಟರಿನವರಿಗೆ ಕೊಡುವುದು ಸರಿಯಲ್ಲವಾದ್ದರಿಂದ, ನಾನು ರಜೆಯಲ್ಲಿದ್ದಾಗ ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಮರುಚಾಲನೆಯ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಸರ್ವರಿನ ಪಕ್ಕದ ಗೋಡೆಗೆ ಅಂಟಿಸಿ, ಪಾಸ್‌ವರ್ಡನ್ನು ಸಾಹುಕಾರರಿಗೆ ಮಾತ್ರ ಕೊಟ್ಟೆ. ಹೋದ ತಿಂಗಳು ನಾನು ಮದುವೆಗೆಂದು ಪಾವಗಡಕ್ಕೆ ಹೋಗಿದ್ದಾಗ, ಅರವತ್ತು ದಾಟಿದ ಅವರು ಆ ಹಾಳೆಯನ್ನು ನೋಡಿಕೊಂಡು, ಎಲ್ಲರನ್ನೂ ಸಾಫ್ಟ್‌ವೇರ್‌ನಿಂದ ಹೊರಗೆ ಕಳಿಸಿ, ಸೇವೆಯನ್ನು ತಾವೇ ಮರುಚಾಲನೆ ಮಾಡಿ, ಬಿಲ್ಲಿಂಗ್ ಶುರುವಾಯಿತೆಂದು ನನಗೆ ಫೋನು ಮಾಡಿ ತಿಳಿಸಿದರು.