ಗೋಡೋ ಎಂಜಿನ್: ತೀರ್ಥಹಳ್ಳಿಯಿಂದ ಮಾಯಾ ಪಿರಮಿಡ್ ಕಟ್ಟುವವರಿಗೆ

ದುಡ್ಡು ಹಾಕದೆ ಗೇಮ್ ಮಾಡಬೇಕು ಅನ್ನುವವರು ಕಣ್ಣು ಮುಚ್ಚಿ ಗೋಡೋ ಎಂಜಿನ್ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. 2014ರಿಂದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತ), ಪೂರ್ತಿ ಉಚಿತ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್ಟೂ ಹೋಗುತ್ತದೆ. ಒಮ್ಮೆ ಇಳಿಸಿಕೊಂಡರೆ ಇದಕ್ಕೆ ನೆಟ್ ಬೇಡ, ಲಾಗಿನ್ನೂ ಬೇಡ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಆರಾಮಾಗಿ ಓಡುತ್ತದೆ.

ನಾನು ಮಾಡುತ್ತಿರುವುದು ಮೆಕ್ಸಿಕೊ ಕಡೆಯ ಪ್ರಾಚೀನ ಮಾಯಾ ಜನರ ಲೋಕದಲ್ಲಿ ನಡೆಯುವ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಾ ಸಾಗುವ ಒಂದು ಪುಟ್ಟ ಪ್ಲಾಟ್‌ಫಾರ್ಮ್ ಗೇಮ್. ಮೆಕ್ಸಿಕೊದ ಚಿಚೆನ್ ಇಟ್ಜಾ ಪಿರಮಿಡ್ಡಿಗೆ ನಾಲ್ಕೂ ಬದಿಯಲ್ಲಿ ತಲಾ 91 ಮೆಟ್ಟಿಲು, ಮೇಲಿನ ಕಟ್ಟೆ ಸೇರಿ 365. ಗೋಡೋದಲ್ಲಿ ಮೆಟ್ಟಿಲಿನ ಒಂದು ಟೈಲ್ (ಪುಟ್ಟ ಚೌಕದ ಚಿತ್ರ) ಬರೆದರೆ ಸಾಕು, ಮೌಸ್ ಎಳೆದ ಹಾಗೆ ಪಿರಮಿಡ್ ಏಳುತ್ತಾ ಹೋಗುತ್ತದೆ. ಸ್ಕೋರನ್ನು ಮಾಯಾ ಅಂಕಿಯಲ್ಲೇ ತೋರಿಸಿದ್ದೇನೆ. ಚುಕ್ಕೆ ಅಂದರೆ 1, ಅಡ್ಡಗೆರೆ ಅಂದರೆ 5, ಚಿಪ್ಪು ಅಂದರೆ ಸೊನ್ನೆ. 7 ಬೇಕೆಂದರೆ ಒಂದು ಗೆರೆ, ಅದರ ಮೇಲೆ ಎರಡು ಚುಕ್ಕೆ. ಎಷ್ಟು ಚಂದ ಅಲ್ವಾ?

ಇಂಥ ಆಟಕ್ಕೆ ಜಿಗಿತವೇ ಜೀವ. ಕಾಲು ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗ ಜಿಗಿಯಲು ಬಿಡಬೇಕು. ಇಲ್ಲದಿದ್ದರೆ ಆಡುವವರಿಗೆ ಸುಮ್ನೆ ಸಿಟ್ಟು ಬರುತ್ತದೆ. ಗೋಡೋದಲ್ಲಿ ಅದಕ್ಕೆ ಒಂದು ಟೈಮರ್, ನಾಲ್ಕೈದು ಸಾಲು ಕೋಡ್ ಅಷ್ಟೇ.

ಜಾಸ್ತಿ ಖುಷಿ ಕೊಟ್ಟಿದ್ದು ಕನ್ನಡ. 4ನೇ ಆವೃತ್ತಿಯಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ ‘ಕುಕುಲ್ಕಾನ್’ ಅನ್ನುವ ಮಾಯಾ ದೇವರ ಹೆಸರಿನ ಒತ್ತಕ್ಷರ ಸರಿಯಾಗಿ ಕೂರುತ್ತದೆ.

ಹೊಸಬರಿಗೆ ಒಂದು ಮಾತು. ಗೋಡೋ 4.3ರಲ್ಲಿ ಟೈಲ್ ಜೋಡಿಸುವ ಟೈಲ್‌ಮ್ಯಾಪ್ ಜಾಗಕ್ಕೆ ಟೈಲ್‌ಮ್ಯಾಪ್‌ಲೇಯರ್ ಬಂದಿದೆ. ಹಳೇ ವಿಡಿಯೊಗಳಲ್ಲಿ ಹಳೆಯದೇ ಇರುತ್ತದೆ, ಅದಕ್ಕೇ ಕಲಿಯುವ ವಿಡಿಯೊಗಳನ್ನು ತಾರೀಕು ನೋಡಿಯೇ ಆರಿಸಿಕೊಳ್ಳಿ.