ಹೊತ್ತಿಗೆ ಸರಿಯಾಗಿ ಮಲಗಲು ಕಂಪ್ಯೂಟರ್ ರಿಮೈಂಡರ್: ನನ್ನ ಓಟು ಟಾಸ್ಕ್ ಶೆಡ್ಯೂಲರ್‌ಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಕೈ ಹಿಡಿದದ್ದು ವಿಂಡೋಸ್ ಜೊತೆಗೇ ಬರುವ ಟಾಸ್ಕ್ ಶೆಡ್ಯೂಲರ್, ಅಂದ್ರೆ ಹೇಳಿದ ಹೊತ್ತಿಗೆ ಹೇಳಿದ ಕೆಲಸ ತಾನೇ ನಡೆಸುವ ಪ್ರೋಗ್ರಾಂ. ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಉಳಿದವೆಲ್ಲ ಮಲಗಿ ಅಂತ ಹೇಳಿ ಸುಮ್ಮನಾಗುತ್ತವೆ, ಇದು ಲ್ಯಾಪ್‌ಟಾಪನ್ನೇ ಮಲಗಿಸುತ್ತದೆ.

ನಾನು ವಿಜಯಪುರದಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡುತ್ತೇನೆ. ಲಗ್ನದ ಸೀಸನ್ ಬಂತಂದ್ರೆ ಪತ್ರಿಕೆ ಕೆಲಸ ರಾತ್ರಿಯೇ ಜಾಸ್ತಿ, ಯಾಕಂದ್ರೆ ಗಿರಾಕಿಗಳು ಅಂಗಡಿ, ಹೊಲ ಎಲ್ಲ ಮುಗಿಸಿ, ಊಟವಾದ ಮೇಲೆ ವಾಟ್ಸಾಪ್‌ನಲ್ಲಿ ಪ್ರೂಫ್ ನೋಡಿ, ಕಾಕಾನ ಹೆಸರು ಬಿಟ್ಟಿದೆ, ಬೀಗರ ಊರು ತಪ್ಪಾಗಿದೆ ಅಂತ ಒಂದೊಂದೇ ತಿದ್ದುಪಡಿ ಕಳಿಸುತ್ತಾರೆ. ಇತ್ತ ನಳಕ್ಕೆ ನೀರು ಬರುವ ದಿನ ನಸುಕಿನಲ್ಲೇ ಏಳಬೇಕು. ಹಾಗಾಗಿ 11ಕ್ಕೆ ಹಾಸಿಗೆ ಸೇರಲೇಬೇಕು.

ಮೊದಲು ಗೂಗಲ್ ಕ್ಯಾಲೆಂಡರ್‌ನಲ್ಲಿ ದಿನಾ ಬರುವ ಹಾಗೆ ಒಂದು ಸೂಚನೆ ಹಾಕಿದ್ದೆ. ಮೂಲೆಯಲ್ಲಿ ಒಂದು ಚೀಟಿ ಬರುತ್ತದೆ, ಒಂದು ಕ್ಲಿಕ್, ಹೋಯಿತು. ಬ್ರೌಸರ್ ಮುಚ್ಚಿದ್ದರೆ ಅದೂ ಬರಲ್ಲ.

ವಿಂಡೋಸ್‌ನಲ್ಲೇ ಇರುವ ನೈಟ್ ಲೈಟ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಪರದೆಯ ನೀಲಿ ಬೆಳಕು ಕಡಿಮೆಯಾಗುತ್ತದೆ, ಸರಿ. ಆದರೆ ಅದು ರಿಮೈಂಡರ್ ಅಲ್ಲ. ಸೂರ್ಯ ಮುಳುಗಿದಾಗ ಶುರುವಾಗಲಿ ಅಂತ ಇಟ್ಟರೆ ನಮ್ಮಲ್ಲಿ ಚಳಿಗಾಲದಲ್ಲಿ 6ರ ಸುಮಾರಿಗೆ, ಬೇಸಿಗೆಯಲ್ಲಿ 7ರ ಹತ್ತಿರ ಪರದೆ ಹಳದಿಯಾಗುತ್ತದೆ. ರಾತ್ರಿ 10ರ ಹೊತ್ತಿಗೆ ಕಣ್ಣಿಗೆ ಅದು ರೂಢಿಯಾಗಿರುತ್ತದೆ. ನನಗಂತೂ ಇನ್ನೊಂದು ತೊಂದರೆ. ಪತ್ರಿಕೆಯ ಕುಂಕುಮ ಬಣ್ಣ ಪರದೆಯಲ್ಲಿ ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ. ಅದನ್ನು ನಂಬಿ ಬಣ್ಣ ತಿದ್ದಿದರೆ ಪ್ರಿಂಟ್ ಕೆಡುತ್ತದೆ.

ಎಫ್.ಲಕ್ಸ್ ಇದಕ್ಕಿಂತ ಎಷ್ಟೋ ಮೇಲು. ಇದೂ ಪರದೆಯ ಬಣ್ಣ ಬದಲಿಸುವಂಥದ್ದೇ, 2009ರಿಂದ ಇರುವ ಪ್ರೋಗ್ರಾಂ, ಸ್ವಂತ ಬಳಕೆಗೆ ಉಚಿತ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತೀರಿ ಅಂತ ಒಮ್ಮೆ ಹೇಳಿಟ್ಟರೆ, ತಡರಾತ್ರಿ ಇನ್ನು ಇಷ್ಟೇ ಗಂಟೆಗೆ ನೀವು ಏಳಬೇಕು ಅಂತ ನೆನಪಿಸುತ್ತದೆ. ಹೊತ್ತಾಯಿತು ಅನ್ನುವುದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ. ಡಿಸೈನ್ ಪ್ರೋಗ್ರಾಂ ತೆರೆದಿರುವಾಗ ಬಣ್ಣ ಬದಲಿಸಬೇಡ ಅಂತಲೂ ಹೇಳಬಹುದು. ಕೈಯಲ್ಲಿ ಅರ್ಜೆಂಟ್ ಕೆಲಸ ಇಲ್ಲದವರಿಗೆ ಇಷ್ಟೇ ಸಾಕು. ಗಿರಾಕಿ ಆ ಕಡೆಯಿಂದ ಮೆಸೇಜ್ ಹಾಕುತ್ತಲೇ ಇರುವಾಗ ಇಂಥ ಮೆತ್ತನೆ ಮಾತು ನಡೆಯಲ್ಲ.

ಇನ್ನು ಟಾಸ್ಕ್ ಶೆಡ್ಯೂಲರ್. ನಾನು ಇದರಲ್ಲಿ ಎರಡು ಟಾಸ್ಕ್ ಮಾಡಿದ್ದೇನೆ. 10:30ಕ್ಕೆ ನೋಟ್‌ಪ್ಯಾಡ್‌ನಲ್ಲಿ ನನ್ನದೇ ಒಂದು ಫೈಲ್ ತೆರೆಯುತ್ತದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ "ಸೇವ್ ಮಾಡು, ಉಳಿದದ್ದು ನಾಳೆ" ಅಂತ ಬರೆದಿಟ್ಟಿದ್ದೇನೆ. 10:50ಕ್ಕೆ ಯಂತ್ರ ಹೈಬರ್ನೇಟ್ ಆಗುತ್ತದೆ. ಟಾಸ್ಕ್ ಮಾಡುವಾಗ ಪ್ರೋಗ್ರಾಂ ಜಾಗದಲ್ಲಿ ಶಟ್‌ಡೌನ್ (shutdown) ಅಂತ, ಆರ್ಗ್ಯುಮೆಂಟ್ ಜಾಗದಲ್ಲಿ ಸ್ಲ್ಯಾಶ್ ಹಾಕಿ ಎಚ್ ಅಕ್ಷರ (/h), ಅಷ್ಟೇ. ಪೂರ್ತಿ ಶಟ್‌ಡೌನ್ ಬೇಡ. ಕೌಂಟ್‌ಡೌನ್ ಇಟ್ಟು ಶಟ್‌ಡೌನ್ ಮಾಡಿಸಿದರೆ ಅದು ತೆರೆದಿರುವ ಪ್ರೋಗ್ರಾಂಗಳನ್ನು ಒತ್ತಾಯದಿಂದ ಮುಚ್ಚುತ್ತದೆ, ಸೇವ್ ಆಗದ ಕೆಲಸ ಹೋದಂತೆಯೇ. ಹೈಬರ್ನೇಟ್‌ನಲ್ಲಿ ಎಲ್ಲವೂ ಡಿಸ್ಕ್‌ಗೆ ಹೋಗಿ ಕೂರುತ್ತದೆ, ಬೆಳಿಗ್ಗೆ ಆನ್ ಮಾಡಿದರೆ ಪತ್ರಿಕೆ ಬಿಟ್ಟಲ್ಲೇ ಇರುತ್ತದೆ.

ಇದರಲ್ಲಿ ತಲೆ ತಿಂದದ್ದು ಒಂದೇ ಒಂದು ವಿಷಯ. ಕೆಲವು ರಾತ್ರಿ ಸರಿಯಾಗಿ ನಡೆಯುತ್ತಿತ್ತು, ಕೆಲವು ರಾತ್ರಿ ಏನೂ ಆಗುತ್ತಿರಲಿಲ್ಲ. ನೋಟ್‌ಪ್ಯಾಡೂ ಇಲ್ಲ, ಹೈಬರ್ನೇಟೂ ಇಲ್ಲ. ಟೈಮ್ ನೋಡಿದೆ, ಸರಿ ಇತ್ತು. ಟಾಸ್ಕ್ ಅಳಿಸಿ ಮತ್ತೆ ಮಾಡಿದೆ, ಅದೇ ಕಥೆ. ಕೊನೆಗೆ ಹೊಳೆದದ್ದು, ಮೇ ತಿಂಗಳಲ್ಲಿ ಸಂಜೆ ಗಾಳಿ ಮಳೆ ಎದ್ದು ಕರೆಂಟ್ ಹೋದ ದಿನಗಳಲ್ಲೇ ಹೀಗಾಗುತ್ತಿತ್ತು! ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿರುತ್ತದೆ, ನಾನು ಕತ್ತಲಲ್ಲೇ ಕೆಲಸ ಮಾಡುತ್ತಿರುತ್ತೇನೆ, ಟಾಸ್ಕ್ ಮಾತ್ರ ಶುರುವಾಗಲ್ಲ.

ಕಾರಣ ಇಷ್ಟೇ. ಪ್ರತಿ ಟಾಸ್ಕ್‌ಗೂ ಕಂಡೀಷನ್ಸ್ ಅಂತ ಒಂದು ಟ್ಯಾಬ್ ಇದೆ. ಅದರಲ್ಲಿ ಪವರ್ ಅನ್ನುವ ಕಡೆ, ಕಂಪ್ಯೂಟರ್ ಎಸಿ ಪವರ್, ಅಂದ್ರೆ ಪ್ಲಗ್‌ನ ಕರೆಂಟ್ ಮೇಲೆ ಇದ್ದರೆ ಮಾತ್ರ ಟಾಸ್ಕ್ ಶುರು ಮಾಡು ಅನ್ನುವ ಟಿಕ್ ಮೊದಲಿನಿಂದಲೇ ಇರುತ್ತದೆ. ಕ್ರಿಯೇಟ್ ಬೇಸಿಕ್ ಟಾಸ್ಕ್ ಅನ್ನುವ ಸುಲಭದ ದಾರಿಯಲ್ಲಿ ಹೋದರೆ ಆ ಟ್ಯಾಬ್ ಕಣ್ಣಿಗೇ ಬೀಳಲ್ಲ. ಟಾಸ್ಕ್ ಮಾಡಿ ಮುಗಿಸಿದ ಮೇಲೆ ಅದರ ಪ್ರಾಪರ್ಟೀಸ್ ತೆರೆದು ಆ ಟಿಕ್ ತೆಗೆಯಬೇಕು. ಎರಡೂ ಟಾಸ್ಕ್‌ನಲ್ಲಿ ಬೇರೆ ಬೇರೆಯಾಗಿ ತೆಗೆಯಬೇಕು, ಇದನ್ನು ಮರೆಯಬೇಡಿ. ಆಮೇಲೆ ಕರೆಂಟ್ ಇರಲಿ ಬಿಡಲಿ, ಒಂದು ರಾತ್ರಿಯೂ ತಪ್ಪಿಲ್ಲ. ಕರೆಂಟ್ ಪದೇ ಪದೇ ಹೋಗುವ ನಮ್ಮಂಥ ಕಡೆ ಇರುವವರು ಮೊದಲು ನೋಡಬೇಕಾದದ್ದು ಇದನ್ನೇ.

ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ, ತಪ್ಪಿಹೋದ ಟಾಸ್ಕನ್ನು ಆದಷ್ಟು ಬೇಗ ನಡೆಸು ಅನ್ನುವ ಆಯ್ಕೆಯೂ ಇದೆ. ಹೈಬರ್ನೇಟ್ ಟಾಸ್ಕ್‌ಗೆ ಅದನ್ನು ಮುಟ್ಟಬೇಡಿ. ರಾತ್ರಿ ಲ್ಯಾಪ್‌ಟಾಪ್ ಬೇಗ ಮುಚ್ಚಿದ್ದರೆ ಬೆಳಿಗ್ಗೆ ತೆರೆದ ಸ್ವಲ್ಪ ಹೊತ್ತಿಗೇ ಅದು ಮತ್ತೆ ಮಲಗಿಬಿಡುತ್ತದೆ.

ರೌಟರ್‌ಗೆ ಟೈಮರ್ ಪ್ಲಗ್ ಹಾಕು ಅಂತ ಗೆಳೆಯನೊಬ್ಬ ಹೇಳಿದ್ದ. ಮೊಬೈಲ್ ಡೇಟಾ ಇರುವವರೆಗೆ ಅದಕ್ಕೆ ದುಡ್ಡು ಹಾಕುವುದು ದಂಡ. ತಿಂಗಳಿಗಿಷ್ಟು ಅಂತ ಕಟ್ಟಿಸಿಕೊಳ್ಳುವ ನಿದ್ದೆಯ ಆ್ಯಪ್‌ಗಳೂ ನನ್ನ ದುಡಿಮೆಗೆ ಹೊಂದಲ್ಲ.

ನನ್ನ ಹಾಗೆ ಲ್ಯಾಪ್‌ಟಾಪ್ ಮುಂದೆಯೇ ರಾತ್ರಿ ಕಳೆಯುವವರಿಗೆ ಟಾಸ್ಕ್ ಶೆಡ್ಯೂಲರೇ ಸರಿ. ಜೊತೆಗೆ ಎಫ್.ಲಕ್ಸ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಈಗ 10:30ಕ್ಕೆ ನೋಟ್‌ಪ್ಯಾಡ್ ಬಂದ ಕೂಡಲೇ ಗಿರಾಕಿಗೆ, ನಾಳೆ 9ಕ್ಕೆ ಪ್ರೂಫ್ ಕಳಿಸುತ್ತೇನೆ ಅಂತ ಹಾಕಿಬಿಡುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ.